ಸತ್ಕಾರ ಯಾರಿಗೆ, ಯಾವ ಕೆಲಸಕ್ಕೆ? ಓದುಗರ ಪ್ರಶ್ನೆಗಳಿಗೆ ಉತ್ತರ

ಗ್ರಾಮ ಪಂಚಾಯಿತಿ, ಪುರಸಭೆ ಮತ್ತು ಮಹಾನಗರ ಪಾಲಿಕೆಗಳಲ್ಲಿ ಒಳ್ಳೆಯ ಕೆಲಸ ಮಾಡಿದವರನ್ನು ಗೌರವಿಸುವ ಬಗ್ಗೆ ಪ್ರಶ್ನೆಗಳನ್ನು ಕಳುಹಿಸಿರೆಂದು ಕಳೆದ ಸಂಚಿಕೆಯಲ್ಲಿ ಕೇಳಿದ್ದೆವು. ಬಂದ ಪತ್ರಗಳಲ್ಲಿ ಬೆಳಗಾವಿ, ಬಾಗಲಕೋಟೆ ಮತ್ತು ವಿಜಯಪುರ ಜಿಲ್ಲೆಗಳವೇ ಹೆಚ್ಚಾಗಿದ್ದರಿಂದ ಈ ಸಲ ಅವುಗಳಿಗೆ ಮಾತ್ರ ಉತ್ತರಿಸಿದ್ದೇನೆ. ನಾನು ತಾಲ್ಲೂಕು ಪಂಚಾಯಿತಿ ಕಚೇರಿಯಲ್ಲಿದ್ದು ನಿವೃತ್ತನಾದವನು. ಸತ್ಕಾರ ಮಾಡಿಸಿಕೊಂಡದ್ದಕ್ಕಿಂತ ಸತ್ಕಾರದ ಸಾಮಾನು ಹೊತ್ತು ತಂದದ್ದೇ ಹೆಚ್ಚು. ಆ ಅನುಭವವನ್ನು ನಂಬಿಯೇ ಈ ಉತ್ತರಗಳನ್ನು ಬರೆದಿದ್ದೇನೆ.

ಪ್ರಶ್ನೆ: ನಮ್ಮೂರಿನ ವಾಟರ್‌ಮನ್ 22 ವರ್ಷಗಳಿಂದ ನೀರು ಬಿಡುತ್ತಿದ್ದಾರೆ. ಗಣೇಶನ ಹಬ್ಬದ ವೇದಿಕೆಯಲ್ಲಿ ಅವರನ್ನು ಸತ್ಕರಿಸಬೇಕೆಂದು ನಮ್ಮ ಯುವಕ ಮಂಡಳ ನಿರ್ಧರಿಸಿದೆ. “ಅವಾ ಏನ್ ಸಾಹೇಬನs? ಪಗಾರ ತಗೊಂಡು ವಾಲ್ ತಿರುವ್ತಾನ” ಎಂದು ಹಿರಿಯರೊಬ್ಬರು ತಕರಾರು ತೆಗೆದಿದ್ದಾರೆ. ಅವರಿಗೆ ಏನು ಹೇಳಬೇಕು? ಸತ್ಕಾರ ಪತ್ರದಲ್ಲಿ ಏನು ಬರೆಯಬೇಕು?
— ಯುವಕ ಮಂಡಳದ ಸದಸ್ಯರು, ಮುಧೋಳ ತಾಲ್ಲೂಕು

ಉತ್ತರ: ಆ ಹಿರಿಯರೊಂದಿಗೆ ವಾದಕ್ಕೆ ಇಳಿಯಬೇಡಿ. ಒಂದು ದಿನ ನಸುಕಿನಲ್ಲಿ ಅವರನ್ನು ವಾಟರ್‌ಮನ್ ಜೊತೆಗೆ ಕಳುಹಿಸಿಕೊಡಿ, ಸಾಕು. ಹಳ್ಳಿಗಳಲ್ಲಿ ತ್ರೀ ಫೇಸ್ ಕರೆಂಟ್ ಎಷ್ಟೋ ಸಲ ರಾತ್ರಿಯೇ ಬರುತ್ತದೆ. ಬಂದ ಹೊತ್ತಿಗೆ ಎದ್ದು ಹೋಗಿ ಬೋರಿನ ಮೋಟಾರು ಚಾಲೂ ಮಾಡಿ, ಮೇಲಿನ ಟಾಕಿ ತುಂಬುವವರೆಗೆ ಕಾದು, ಬೆಳಕು ಹರಿಯುವ ಮೊದಲೇ ಓಣಿಓಣಿಗೆ ಸರದಿಯ ಪ್ರಕಾರ ನೀರು ಬಿಡುವವರು ಅವರು. ಜಲ ಜೀವನ್ ಮಿಷನ್ 2019ರಲ್ಲಿ ಆರಂಭವಾದಾಗ ಗ್ರಾಮೀಣ ಮನೆಗಳಲ್ಲಿ ತಲೆಗೆ ದಿನಕ್ಕೆ 55 ಲೀಟರ್ ನೀರು ಸಿಗಬೇಕೆಂದು ಲೆಕ್ಕ ಹಾಕಿದರು. ಆ ಲೆಕ್ಕ ಕಾಗದದಿಂದ ಕೊಡಕ್ಕೆ ಇಳಿಯುವುದು ಈ ಮನುಷ್ಯ ಯಾವ ವಾಲ್ವನ್ನು ಎಷ್ಟು ಹೊತ್ತು ತೆರೆದಿಡುತ್ತಾನೆ ಎಂಬುದರ ಮೇಲೆ. ಟಾಕಿಗೆ ಬ್ಲೀಚಿಂಗ್ ಪೌಡರ್ ಹಾಕುವವರೂ ಸಾಮಾನ್ಯವಾಗಿ ಅವರೇ. ಕುಡಿಯುವ ನೀರಿನಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಉಳಿಕೆ ಕ್ಲೋರಿನ್ ಇರಬೇಕೆಂದು ಮಾನದಂಡ ಹೇಳುತ್ತದೆ. ಪೌಡರ್ ಕಡಿಮೆಯಾದರೆ ವಾಂತಿಭೇದಿ, ಹೆಚ್ಚಾದರೆ ಊರಿನವರ ಬೈಗುಳ.

ಇನ್ನು ಸತ್ಕಾರ ಪತ್ರದ ಮಾತು. ನಮ್ಮ ಕಡೆಯ ಪ್ರಿಂಟಿಂಗ್ ಪ್ರೆಸ್‌ಗಳಲ್ಲಿ ಸತ್ಕಾರ ಪತ್ರದ ಮಜಕೂರು ಮೊದಲೇ ತಯಾರಾಗಿರುತ್ತದೆ. “ಸರಳ ಸಜ್ಜನಿಕೆಯ ಸಾಕಾರಮೂರ್ತಿಗಳೂ ಅಜಾತಶತ್ರುಗಳೂ ಆದ” ಎಂದು ಶುರುವಾಗುವ ಅದರಲ್ಲಿ ಹೆಸರಿನ ಜಾಗವಷ್ಟೇ ಖಾಲಿ. ಆ ಹಾಳೆಯನ್ನು ನಾನೇ ಎಷ್ಟು ಜನರಿಗೆ ಮಾಡಿಸಿ ತಂದಿದ್ದೇನೋ ಲೆಕ್ಕವಿಲ್ಲ. ಒಮ್ಮೆ ಒಂದೇ ವಾರದಲ್ಲಿ ಒಬ್ಬ ಶಿಕ್ಷಕರಿಗೂ ಒಬ್ಬ ಗುತ್ತಿಗೆದಾರರಿಗೂ ಅಕ್ಷರ ಬದಲಾಗದ ಅದೇ ಪತ್ರ ಹೋಗಿತ್ತು. ನೀವು ಅದನ್ನು ಮಾಡಿಸಬೇಡಿ. ವಾಟರ್‌ಮನ್ ಇಟ್ಟುಕೊಂಡಿರುವ ನೋಟ್‌ಬುಕ್ ಕೇಳಿ ನೋಡಿ. ನಾನು ಕಂಡ ಒಂದು ನೋಟ್‌ಬುಕ್ಕಿನಲ್ಲಿ ಪ್ರತಿ ಓಣಿಯ ಮುಂದೆ ನೀರು ಬಿಟ್ಟ ಹೊತ್ತು, ನಿಲ್ಲಿಸಿದ ಹೊತ್ತು ಇದ್ದವು. ಅಂಚಿನಲ್ಲಿ ಪೆನ್ಸಿಲಿನಿಂದ “ಬಾಣಂತಿ ಮನಿ, 10 ಮಿನಿಟ್ ಹೆಚ್ಚಿಗಿ” ಎಂದು ಬರೆದಿತ್ತು. ಆ ಒಂದು ಸಾಲು ಪತ್ರಕ್ಕೆ ಇಳಿದರೆ ಉಳಿದ ಸಾಲುಗಳು ತಾವಾಗಿಯೇ ಬರುತ್ತವೆ. ಯಾವ ಬೇಸಿಗೆಯಲ್ಲಿ ಬೋರು ಬತ್ತಿತ್ತು, ಆಗ ಟ್ಯಾಂಕರ್ ನೀರನ್ನು ಯಾರ ಮುಲಾಜೂ ನೋಡದೆ ಹೇಗೆ ಹಂಚಿದರು, ಪೈಪು ಒಡೆದಾಗ ಎಷ್ಟು ಹೊತ್ತಿನಲ್ಲಿ ಸರಿಯಾಯಿತು ಎಂಬುದನ್ನೆಲ್ಲ ಓಣಿಯ ಹೆಣ್ಣುಮಕ್ಕಳನ್ನು ಕೇಳಿ ಬರೆಯಿರಿ. ಗಂಡಸರಿಗೆ ಇವು ನೆನಪಿರುವುದಿಲ್ಲ. ಪತ್ರವನ್ನು ಓದುವುದಕ್ಕೂ ಪೈಪಿನ ಕಟ್ಟಕಡೆಯ ಓಣಿಯ ಒಬ್ಬ ಅವ್ವನನ್ನೋ ಅಕ್ಕನನ್ನೋ ಕರೆಯಿರಿ.

ಒಂದು ಮಾತು ಕಟುವಾಗಿ ಕೇಳಿಸಿದರೂ ಹೇಳಿಬಿಡುತ್ತೇನೆ. ವೇದಿಕೆ ಕಟ್ಟುವ ಮೊದಲು ಅವರ ಪಗಾರ ಎಷ್ಟು ತಿಂಗಳಿನದು ಬಾಕಿ ಇದೆ ಎಂದು ಪಂಚಾಯಿತಿಯಲ್ಲಿ ವಿಚಾರಿಸಿ. ಬಾಕಿ ಇದ್ದರೆ ಮುಂದಿನ ಗ್ರಾಮ ಸಭೆಯಲ್ಲಿ ಆ ಪ್ರಶ್ನೆ ಎತ್ತಿ, ಅದು ನಡಾವಳಿ ಪುಸ್ತಕದಲ್ಲಿ ದಾಖಲಾಗುವಂತೆ ನೋಡಿಕೊಳ್ಳಿ. ಸತ್ಕಾರ ಅದರ ನಂತರವೂ ನಡೆದೀತು, ಗಣಪ್ಪ ಬೇಸರ ಮಾಡಿಕೊಳ್ಳುವುದಿಲ್ಲ.

ಪ್ರಶ್ನೆ: ನಮ್ಮ ಗ್ರಾಮ ಪಂಚಾಯಿತಿಯ ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಮೇಡಂ ಅವರಿಗೆ ವರ್ಗವಾಗಿದೆ. ಹಾಳು ಬಿದ್ದಿದ್ದ ಗ್ರಂಥಾಲಯವನ್ನು ಅವರು ಸರಿಪಡಿಸಿ ಮಕ್ಕಳು ಸಂಜೆ ಬಂದು ಕೂರುವಂತೆ ಮಾಡಿದರು. ವಾರ್ಡ್ ಸಭೆಗಳನ್ನು ಕಾಗದದ ಮೇಲಲ್ಲದೆ ನಿಜವಾಗಿ ಓಣಿಯಲ್ಲಿಯೇ ನಡೆಸಿದರು. ಊರಿನವರೆಲ್ಲ ಪಟ್ಟಿ ಹಾಕಿ ಅವರಿಗೊಂದು ಬಂಗಾರದ ಉಂಗುರ ಕೊಡಬೇಕೆಂದಿದ್ದೇವೆ. ಇದರಲ್ಲಿ ತಪ್ಪೇನಾದರೂ ಇದೆಯೇ?
— ಮಹಿಳಾ ಸ್ವಸಹಾಯ ಸಂಘದ ಪ್ರತಿನಿಧಿ, ಅಥಣಿ ತಾಲ್ಲೂಕು

ಉತ್ತರ: ನಿಮ್ಮ ಪ್ರೀತಿಯಲ್ಲಿ ತಪ್ಪಿಲ್ಲ, ಆದರೆ ಉಂಗುರ ಕೊಡುವುದು ತಪ್ಪು. ಪಿಡಿಒ ರಾಜ್ಯ ಸರ್ಕಾರದ ನೌಕರರು. ಕರ್ನಾಟಕ ರಾಜ್ಯ ನಾಗರಿಕ ಸೇವಾ (ನಡತೆ) ನಿಯಮಗಳು, 2021 ಅವರಿಗೆ ಅನ್ವಯಿಸುತ್ತವೆ. 1966ರ ಹಳೆಯ ನಿಯಮಗಳ ಜಾಗದಲ್ಲಿ ಬಂದವು ಇವು. ಸರ್ಕಾರಿ ನೌಕರರು ಬೆಲೆಬಾಳುವ ಕಾಣಿಕೆ ತೆಗೆದುಕೊಳ್ಳುವುದಕ್ಕೂ, ತಮ್ಮ ಗೌರವಾರ್ಥ ಏರ್ಪಡಿಸುವ ಸಾರ್ವಜನಿಕ ಸಮಾರಂಭದಲ್ಲಿ ಮಾನಪತ್ರ ಸ್ವೀಕರಿಸುವುದಕ್ಕೂ ಇಂಥ ನಿಯಮಗಳಲ್ಲಿ ಕಡಿವಾಣವಿದೆ. ವರ್ಗಾವಣೆಯ ಹೊತ್ತಿನ ಸರಳ, ಖಾಸಗಿ ಸ್ವರೂಪದ ಬೀಳ್ಕೊಡುಗೆಗೆ ಮಾತ್ರ ಅಡ್ಡಿಯಿಲ್ಲ. ನೀವು ಕೊಡುವ ಉಂಗುರ ನಾಳೆ ಯಾರಾದರೂ ಬರೆಯುವ ಮೂಕರ್ಜಿಗೆ ವಸ್ತುವಾಗುತ್ತದೆ. ಒಳ್ಳೆಯ ಅಧಿಕಾರಿಗೆ ಊರಿನಲ್ಲಿ ಒಬ್ಬಿಬ್ಬರಾದರೂ ವಿರೋಧಿಗಳು ಇದ್ದೇ ಇರುತ್ತಾರಲ್ಲವೇ? ಮನೆ ಹಂಚಿಕೆಯಲ್ಲಿ ಶಿಫಾರಸು ನಡೆಯದೆ ಹೋದವರು ಅಂಥ ದಿನಕ್ಕಾಗಿಯೇ ಕಾಯುತ್ತಿರುತ್ತಾರೆ.

“ಊರಿನವರೆಲ್ಲ ಪಟ್ಟಿ ಹಾಕಿ” ಎಂದಿದ್ದೀರಿ. ಪಂಚಾಯಿತಿಯ ಬಿಲ್ ಕಲೆಕ್ಟರ್, ಸಿಪಾಯಿ, ಕಸದ ಗಾಡಿಯ ಹೆಣ್ಣುಮಕ್ಕಳ ಹೆಸರೂ ಆ ಪಟ್ಟಿಯಲ್ಲಿದ್ದರೆ ಮೊದಲು ಅವರ ಹಣ ಹಿಂದಿರುಗಿಸಿ. ಮೇಲಿನವರ ಬೀಳ್ಕೊಡುಗೆಗೆ ಕೆಳಗಿನವರು ಒಲ್ಲದ ಮನಸ್ಸಿನಿಂದ ಕೊಟ್ಟ ನೂರು ರೂಪಾಯಿಯ ಕಥೆಗಳನ್ನು ನಾನು ಬೇಕಾದಷ್ಟು ಕೇಳಿದ್ದೇನೆ, ಒಂದೆರಡು ಸಲ ಆ ನೂರು ರೂಪಾಯಿ ನನ್ನ ಕಿಸೆಯಿಂದಲೂ ಹೋಗಿದೆ.

ಮಾಡಬೇಕಾದದ್ದು ಇಷ್ಟು. ಗ್ರಂಥಾಲಯದ ಅಂಗಳದಲ್ಲಿ ಜಮಖಾನ ಹಾಸಿ, ಚುರುಮುರಿ ಮತ್ತು ಚಹಾ ಇಟ್ಟುಕೊಂಡು ಮಕ್ಕಳಿಂದ ನಾಲ್ಕು ಮಾತು ಆಡಿಸಿರಿ. ಉಂಗುರದ ಹಣಕ್ಕೆ ಅದೇ ಗ್ರಂಥಾಲಯಕ್ಕೆ ಪುಸ್ತಕ ಕೊಡಿಸಿರಿ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಈಗ ‘ಅರಿವು ಕೇಂದ್ರ’ ಎಂಬ ಹೆಸರಿನಲ್ಲಿ ನಡೆಯುತ್ತಿವೆ, ಸ್ಪರ್ಧಾತ್ಮಕ ಪರೀಕ್ಷೆಯ ಪುಸ್ತಕಗಳನ್ನು ಅಲ್ಲಿನ ಹುಡುಗರು ಬಹಳ ಕೇಳುತ್ತಾರೆ. ಇದಲ್ಲದೆ ಜಿಲ್ಲಾ ಪಂಚಾಯಿತಿಯ ಮುಖ್ಯ ಕಾರ್ಯನಿರ್ವಹಣಾಧಿಕಾರಿಗಳಿಗೆ ಒಂದು ಪತ್ರ ಬರೆಯಿರಿ. ಯಾವ ವಾರ್ಡ್ ಸಭೆ ಎಂದು ನಡೆಯಿತು, ಎಷ್ಟು ಜನ ಬಂದಿದ್ದರು, ಅಲ್ಲಿ ಕೇಳಿದ ಯಾವ ಕೆಲಸ ಮುಗಿಯಿತು ಎಂಬುದನ್ನು ಬರೆದು ಸಹಿ ಹಾಕಿ ಕಚೇರಿಯ ಆವಕದಲ್ಲಿ (ಬಂದ ಪತ್ರಗಳನ್ನು ದಾಖಲಿಸುವಲ್ಲಿ) ಕೊಟ್ಟು ಸ್ವೀಕೃತಿ ಪಡೆಯಿರಿ. ದೂರಿನ ಪತ್ರಗಳಿಂದ ಉಬ್ಬಿದ ಕಡತಗಳ ನಡುವೆ ಮೆಚ್ಚುಗೆಯ ಪತ್ರ ಎಷ್ಟು ಅಪರೂಪವೆಂದರೆ, ಅಂಥದ್ದೊಂದು ಬಂದ ದಿನ ನಮ್ಮ ಕಚೇರಿಯಲ್ಲಿ ಅದು ಮೇಜಿನಿಂದ ಮೇಜಿಗೆ ಹೋಗಿ ಕೊನೆಗೆ ಚಹಾದ ಕಲೆ ಹೊತ್ತುಕೊಂಡೇ ಸಾಹೇಬರ ಕೈ ಸೇರಿತ್ತು.

ಪ್ರಶ್ನೆ: ನನ್ನ ತಾಯಿ ಪೌರಕಾರ್ಮಿಕರು. ಪ್ರತಿ ಸೆಪ್ಟೆಂಬರಿನಲ್ಲಿ ಅವರಿಗೆ ಶಾಲು ಹೊದಿಸುತ್ತಾರೆ. ಟ್ರಂಕಿನಲ್ಲಿ ಏಳು ಶಾಲುಗಳಿವೆ, ಆದರೆ ಕೈಗವಸು ಹರಿದು ಎಷ್ಟೋ ದಿನವಾಯಿತು. ಈ ಸಲ ಸತ್ಕಾರಕ್ಕೆ ಹೋಗಬೇಡ ಎಂದರೆ ಅವರು ಕೇಳುವುದಿಲ್ಲ. ನಾನು ಹೇಳುವುದು ತಪ್ಪೇ?
— ಪದವಿ ವಿದ್ಯಾರ್ಥಿನಿ, ಬೆಳಗಾವಿ

ಉತ್ತರ: ತಂಗೀ, ನಿನ್ನ ಸಿಟ್ಟು ನ್ಯಾಯವಾದದ್ದು. ಹಾಗೆಂದು ಅವ್ವನನ್ನು ತಡೆಯಬೇಡ. ರಾಜ್ಯದಲ್ಲಿ ಸೆಪ್ಟೆಂಬರ್ 23ನ್ನು ಪೌರಕಾರ್ಮಿಕರ ದಿನವಾಗಿ ಆಚರಿಸುತ್ತಾರೆ. ವರ್ಷದ ಉಳಿದ ದಿನಗಳಲ್ಲಿ “ಏ ಕಸದಾಕಿ” ಎಂದು ಕರೆಯುವ ಊರು ಆ ಒಂದು ದಿನ ಮೈಕಿನಲ್ಲಿ ಅವರ ಪೂರ್ಣ ಹೆಸರು ಹೇಳುತ್ತದೆ. ಅದನ್ನು ಕೇಳುವ ಹಕ್ಕು ಅವರಿಗಿದೆ, ಅದನ್ನು ಬಿಟ್ಟುಕೊಡು ಎಂದು ನೀನಾಗಲಿ ನಾನಾಗಲಿ ಹೇಳಲಾಗದು.

ಆದರೆ ಶಾಲು ಕೈಗವಸಿನ ಬದಲಿಗೆ ಬಂದದ್ದಲ್ಲ. ಕೈಗವಸು, ಬೂಟು, ಮುಖಗವಸು ಮತ್ತು ಆರೋಗ್ಯ ತಪಾಸಣೆಯನ್ನು ಒದಗಿಸುವುದು ಕೆಲಸ ಮಾಡಿಸಿಕೊಳ್ಳುವ ಸಂಸ್ಥೆಯ ಕರ್ತವ್ಯ. ಅದು ಉಡುಗೊರೆಯೂ ಅಲ್ಲ, ಉಪಕಾರವೂ ಅಲ್ಲ. ಈ ಕ್ಷೇತ್ರದಲ್ಲಿ ನಿಜವಾದ ಗೌರವವೆನ್ನಿಸಿಕೊಂಡದ್ದು ಯಾವುದೆಂದು ಕೇಳಿದರೆ ನಾನು ಎರಡು ಸಂಗತಿಗಳನ್ನು ಹೇಳುತ್ತೇನೆ. 2022ರಲ್ಲಿ ರಾಜ್ಯ ಸರ್ಕಾರ ಮೊದಲ ಹಂತದಲ್ಲಿ 11,133 ಪೌರಕಾರ್ಮಿಕರ ಸೇವೆಯನ್ನು ಕಾಯಂಗೊಳಿಸಲು ಒಪ್ಪಿಗೆ ಕೊಟ್ಟಿತು. ಪೌರಕಾರ್ಮಿಕರ ದೀರ್ಘಕಾಲದ ಹೋರಾಟದ ಫಲ ಅದು. 2017ರಲ್ಲಿ ಪೌರಕಾರ್ಮಿಕರ ತಂಡಗಳನ್ನು ಅಧ್ಯಯನಕ್ಕಾಗಿ ಸಿಂಗಪುರಕ್ಕೆ ಕಳುಹಿಸಿದರು. ಆಗ ಹಲವರು ಇದನ್ನು ದುಂದುವೆಚ್ಚವೆಂದು ಆಡಿಕೊಂಡರು, ನನಗಂತೂ ಅದು ಶಾಲಿಗಿಂತ ಮೇಲೆನ್ನಿಸಿತು. ಕಸ ತೆಗೆಯುವವರೂ ತಮ್ಮ ಕೆಲಸದಲ್ಲಿ ಕಲಿಯಲು ಹೋಗಬಹುದಾದ ತಜ್ಞರೆಂದು ಒಪ್ಪಿಕೊಂಡಂತಾಯಿತಲ್ಲ.

ಅವ್ವ ಈ ಸಲ ವೇದಿಕೆ ಹತ್ತಿದಾಗ ಒಂದು ಅರ್ಜಿಯನ್ನೂ ಜೊತೆಗೆ ಒಯ್ಯಲಿ. ಸಂಗಾತಿಗಳೆಲ್ಲರ ಸಹಿ ಇರಲಿ, ಹರಿದ ಕೈಗವಸಿನ ಲೆಕ್ಕ ಇರಲಿ. ಶಾಲು ಹೊದಿಸುವವರ ಕೈಗೆ ಅಲ್ಲಿಯೇ, ಎಲ್ಲರೆದುರಿನಲ್ಲಿ ಅದನ್ನು ಕೊಡಲಿ. ಕ್ಯಾಮೆರಾದ ಮುಂದೆ ಯಾರೂ ಅರ್ಜಿಯನ್ನು ಒಲ್ಲೆ ಎನ್ನುವುದಿಲ್ಲ.

ಪ್ರಶ್ನೆ: ‘ಸರ್ವೋತ್ತಮ ಸೇವಾ ಪ್ರಶಸ್ತಿ’ಯು ಸಾಹೇಬರ ಸುತ್ತಮುತ್ತ ಇರುವವರಿಗೇ ಹೋಗುತ್ತದೆ ಎಂಬ ಮಾತಿದೆ. ಹಳ್ಳಿಯಲ್ಲಿ ದುಡಿಯುವವರ ಹೆಸರು ಅಲ್ಲಿಗೆ ತಲುಪಲು ಸಾಮಾನ್ಯ ಜನ ಏನು ಮಾಡಬಹುದು?
— ನಿವೃತ್ತ ಶಿಕ್ಷಕರು, ವಿಜಯಪುರ

ಉತ್ತರ: ಗುರುಗಳೇ, ಮೊದಲು ಆ ಪ್ರಶಸ್ತಿ ಕೊಡುವ ದಿನದ ಹಿನ್ನೆಲೆ ಹೇಳುತ್ತೇನೆ. 1947ರ ಏಪ್ರಿಲ್ 21ರಂದು ಸರ್ದಾರ್ ವಲ್ಲಭಭಾಯಿ ಪಟೇಲರು ದೆಹಲಿಯ ಮೆಟ್‌ಕಾಫ್ ಹೌಸಿನಲ್ಲಿ ಆಡಳಿತ ಸೇವೆಯ ತರಬೇತಿಯಲ್ಲಿದ್ದ ಅಧಿಕಾರಿಗಳನ್ನು ಉದ್ದೇಶಿಸಿ ಮಾತನಾಡಿದರು. ಅದರ ನೆನಪಿಗೆ ಕೇಂದ್ರ ಸರ್ಕಾರ 2006ರಿಂದ ಆ ದಿನವನ್ನು ನಾಗರಿಕ ಸೇವಾ ದಿನವಾಗಿ ಆಚರಿಸುತ್ತಿದೆ. ನಮ್ಮ ರಾಜ್ಯದಲ್ಲಿಯೂ ಸರ್ಕಾರಿ ನೌಕರರ ದಿನ ಅದೇ, ರಾಜ್ಯ ಮತ್ತು ಜಿಲ್ಲಾ ಮಟ್ಟದ ಸರ್ವೋತ್ತಮ ಸೇವಾ ಪ್ರಶಸ್ತಿಗಳು ಅದರ ಅಂಗವಾಗಿಯೇ ಬರುತ್ತವೆ.

ನಿಮ್ಮ ಸಂಶಯ ಪೂರ್ತಿ ಸುಳ್ಳಲ್ಲ. ಹಲವು ವರ್ಷಗಳ ಹಿಂದೆ ಇಂಥದ್ದೊಂದು ಆಯ್ಕೆಯ ಹೊತ್ತಿಗೆ ಕಡತ ಜೋಡಿಸಿಕೊಡಲು ನನ್ನನ್ನು ಕರೆದಿದ್ದರು. ಒಂದು ಕಡತದಲ್ಲಿ ಬಣ್ಣದ ಫೋಟೊಗಳು, ಪೇಪರ್ ಕಟಿಂಗ್‌ಗಳು, ಗಣ್ಯರ ಜೊತೆ ನಿಂತ ಚಿತ್ರಗಳು. ಎತ್ತಿದರೆ ಎರಡು ಕೈ ಬೇಕು. ಇನ್ನೊಂದರಲ್ಲಿ ಎರಡೇ ಹಾಳೆ. ಅದು ಒಬ್ಬ ತಲಾಟಿಯದು (ಈಗ ಅವರನ್ನು ಗ್ರಾಮ ಆಡಳಿತ ಅಧಿಕಾರಿ ಎನ್ನಬೇಕು, ಆದರೆ ಮುಂಬಯಿ ಸರ್ಕಾರದ ಕಾಲದ ಹೆಸರು ನಮ್ಮ ಬಾಯಿಯಿಂದ ಹೋಗಿಲ್ಲ). ಉತಾರದಲ್ಲಿ (ಜಮೀನಿನ ಪಹಣಿಯಲ್ಲಿ) ತೀರಿಕೊಂಡ ಅಜ್ಜಂದಿರ ಹೆಸರೇ ಉಳಿದಿದ್ದ ಮನೆಗಳಿಗೆ ಅವರು ತಾವೇ ಹೋಗಿ, ವಾರಸಾ ಮಾಡಿಸಿಕೊಟ್ಟ (ವಾರಸುದಾರರ ಹೆಸರು ಏರಿಸಿಕೊಟ್ಟ) ಮನೆಗಳನ್ನು ಓಣಿವಾರು ಬರೆದಿಟ್ಟಿದ್ದರು. ಉತಾರದಲ್ಲಿ ಹೆಸರಿಲ್ಲದ ರೈತನಿಗೆ ಬೆಳೆಸಾಲವೂ ಸುಲಭಕ್ಕೆ ಹುಟ್ಟದು, ಬೆಳೆ ಪರಿಹಾರವೂ ಬಾರದು ಎಂಬುದನ್ನು ಬಲ್ಲವರಿಗೆ ಆ ಎರಡು ಹಾಳೆಯ ತೂಕ ತಿಳಿಯುತ್ತದೆ. ಗೆದ್ದದ್ದು ದಪ್ಪ ಕಡತ. ಅದನ್ನು ಮೇಲೆ ಇಟ್ಟವನು ನಾನೇ, ಗಾತ್ರಕ್ಕೆ ತಕ್ಕಂತೆ ಜೋಡಿಸಿದ್ದೆ. ಇವತ್ತಿಗೂ ಅದು ನನ್ನ ಮನಸ್ಸಿನಿಂದ ಹೋಗಿಲ್ಲ.

ಜನ ಮಾಡಬಹುದಾದದ್ದು ಆ ಎರಡು ಹಾಳೆಗೆ ಪುರಾವೆಯ ಬಲ ಕೊಡುವುದು. ಸರ್ಕಾರಿ ಸೇವೆಗಳನ್ನು ನಿಗದಿತ ಅವಧಿಯೊಳಗೆ ಕೊಡಬೇಕೆನ್ನುವ ಸಕಾಲ ಕಾಯ್ದೆ 2011ರಲ್ಲಿ ಬಂದು, 2012ರ ಏಪ್ರಿಲ್ 2ರಿಂದ ರಾಜ್ಯದಾದ್ಯಂತ ಜಾರಿಯಾಯಿತು. ಅದರಡಿ ಅರ್ಜಿಗೆ ಸ್ವೀಕೃತಿ ಸಂಖ್ಯೆ ಸಿಗುತ್ತದೆ, ತಡವಾದರೆ ದಿನಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿ ಪರಿಹಾರ ಕೇಳಬಹುದು. ತಡವಾದಾಗ ದೂರಲು ಮಾತ್ರ ನಾವು ಆ ಸಂಖ್ಯೆಯನ್ನು ಹುಡುಕುತ್ತೇವೆ. ಅವಧಿಗೆ ಮೊದಲೇ ಕೆಲಸವಾದಾಗ ಅದೇ ಚೀಟಿಯ ನಕಲನ್ನು ಜೋಡಿಸಿ, ಆ ನೌಕರರ ಮೇಲಧಿಕಾರಿಗೂ ಜಿಲ್ಲಾಧಿಕಾರಿಗೂ ಒಂದು ಪತ್ರ ಬರೆಯಬಹುದಲ್ಲವೇ? ನಿಮ್ಮಂಥ ಹತ್ತು ಜನ ಗುರುಗಳು ಬರೆದರೆ ಸಮಿತಿಯ ಮೇಜಿನ ಮೇಲೆ ಫೋಟೊಗಳ ಪಕ್ಕದಲ್ಲಿ ಬೇರೆಯದೂ ಒಂದು ಬಂದು ಕೂರುತ್ತದೆ. ಪತ್ರವನ್ನು ಮಾರ್ಚ್ ಮುಗಿಯುವವರೆಗೆ ತಡಮಾಡದೆ ವರ್ಷವಿಡೀ ಬರೆಯುತ್ತಿರಿ.

ಪ್ರಶ್ನೆ: ಸರ್ಕಾರಿ ಕಾರ್ಯಕ್ರಮದಲ್ಲಿ ಶಾಲು, ಹಾರ ಹಾಕಬಾರದು ಎನ್ನುತ್ತಾರೆ. ನಿಜವೇ? ಹಾಗಾದರೆ ನಮ್ಮ ಓಣಿಯ ಆಶಾ ಕಾರ್ಯಕರ್ತೆಯನ್ನು ಹೇಗೆ ಗೌರವಿಸುವುದು?
— ಗೃಹಿಣಿ, ಇಳಕಲ್ಲ

ಉತ್ತರ: ನಿಜ. 2021ರ ಆಗಸ್ಟ್‌ನಲ್ಲಿ ರಾಜ್ಯ ಸರ್ಕಾರ ಹೊರಡಿಸಿದ ಸುತ್ತೋಲೆಯು ಸರ್ಕಾರಿ ಸಭೆ ಸಮಾರಂಭಗಳಲ್ಲಿ ಹಾರ, ಹೂಗುಚ್ಛ, ಶಾಲು ಮತ್ತು ಹಣ್ಣಿನ ಬುಟ್ಟಿ ಕೊಡುವುದು ಬೇಡ, ಕೊಡುವುದಾದರೆ ಕನ್ನಡ ಪುಸ್ತಕ ಕೊಡಿ ಎಂದಿತು. ಆದರೆ ನಿಮ್ಮದು ಓಣಿಯ ಹೆಣ್ಣುಮಕ್ಕಳು ಸೇರಿ ಮಾಡುವ ಮನೆಯ ಕಾರ್ಯ, ಸುತ್ತೋಲೆ ನಿಮ್ಮ ಪಡಸಾಲೆಗೆ ಬರುವುದಿಲ್ಲ. ಇಳಕಲ್ಲಿನಲ್ಲಿ ಕೂತು ಏನು ಕೊಡಲಿ ಎಂದು ಕೇಳುವುದೇ? ಗುಳೇದಗುಡ್ಡದ ಖಣ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅಕ್ಕಿ ಇಟ್ಟು ಉಡಿ ತುಂಬಿರಿ. ಕೈಲಾದರೆ ನಿಮ್ಮೂರಿನ ಮಗ್ಗದ ಹತ್ತಿ ಸೀರೆಯೊಂದನ್ನು ಇಡಿ, ಬಿಸಿಲಿನಲ್ಲಿ ಮನೆಮನೆ ತಿರುಗುವವರಿಗೆ ರೇಷ್ಮೆಗಿಂತ ಅದು ಹಿತ. ಉಡಿ ತುಂಬುವ ಮೊದಲು, ಆಕೆ ಹೆರಿಗೆಗೆ ಕರೆದುಕೊಂಡು ಹೋದ ತಾಯಂದಿರು ತಂತಮ್ಮ ಮಕ್ಕಳನ್ನು ಎತ್ತಿಕೊಂಡು ಬಂದು ಸಾಲಾಗಿ ಕೂತಿರಲಿ.

ಪ್ರಶ್ನೆ: ನಿವೃತ್ತರಾದ ಪಂಚಾಯಿತಿ ಸಿಪಾಯಿಯೊಬ್ಬರು “ನನಗ ಸತ್ಕಾರ ಬ್ಯಾಡ್ರಿ” ಎಂದು ಹಟ ಹಿಡಿದಿದ್ದಾರೆ. ಒತ್ತಾಯಿಸಬಹುದೇ?
— ಗ್ರಾಮ ಪಂಚಾಯಿತಿ ಸದಸ್ಯರು, ಬಸವನಬಾಗೇವಾಡಿ ತಾಲ್ಲೂಕು

ಉತ್ತರ: ಬೇಡ. ನಿಮ್ಮದೇ ಜಿಲ್ಲೆಯ ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮೀಜಿಯವರು 2018ರಲ್ಲಿ ಪದ್ಮಶ್ರೀ ಪ್ರಶಸ್ತಿಯನ್ನೇ ವಿನಯದಿಂದ ಒಲ್ಲೆನೆಂದರು, ಯಾರೂ ಅವರನ್ನು ಒತ್ತಾಯಿಸಲಿಲ್ಲ. ಕಿಸೆಯಿಲ್ಲದ ಅಂಗಿ ತೊಟ್ಟ ಆ ಸ್ವಾಮೀಜಿಯವರ ನಾಡಿನಲ್ಲಿ ಸಿಪಾಯಿಯೊಬ್ಬರು ಬೇಡವೆಂದರೆ ಆಶ್ಚರ್ಯಪಡಬೇಕಿಲ್ಲ. ಆದರೂ ಒಮ್ಮೆ ಅವರ ಮನೆಗೆ ಹೋಗಿ ಬನ್ನಿ. ನಿವೃತ್ತಿಯ ಹಣ ಪೂರ್ತಿ ಕೈಗೆ ಬಂದಿದೆಯೇ ಎಂದು ಕೇಳಿ. ಬೇಡವೆನ್ನುವುದರ ಹಿಂದೆ ಕೆಲವೊಮ್ಮೆ ವೈರಾಗ್ಯ ಇರುತ್ತದೆ, ಕೆಲವೊಮ್ಮೆ ಗ್ರಾಚ್ಯುಟಿಯ ಅರ್ಜಿ ಇರುತ್ತದೆ.

ಪ್ರಶ್ನೆ: 2019ರ ಆಗಸ್ಟ್ ಮಹಾಪೂರದಲ್ಲಿ ಮಲಪ್ರಭೆ ನಮ್ಮೂರಿಗೆ ನುಗ್ಗಿದಾಗ ದುಡಿದವರನ್ನು ಈಗಲಾದರೂ ನೆನೆಯಬೇಕೆಂದಿದ್ದೇವೆ. ಪಂಚಾಯಿತಿಯವರನ್ನು ಬಿಟ್ಟು ಬೇರೆ ಇಲಾಖೆಯವರನ್ನೂ ಕರೆಯಬಹುದೇ? ಇಷ್ಟು ವರ್ಷಗಳ ಮೇಲೆ ಕರೆದರೆ ಹಾಸ್ಯಾಸ್ಪದವಾಗುವುದಿಲ್ಲವೇ?
— ಕೃಷಿಕರು, ರಾಮದುರ್ಗ ತಾಲ್ಲೂಕು

ಉತ್ತರ: ಎರಡೂ ಸಂಶಯ ಬಿಡಿ. ನೀರು ಇಲಾಖೆ ನೋಡಿ ಬಂದಿರಲಿಲ್ಲ. ಕಂಬ ಹತ್ತಿ ತಂತಿ ಬಿಡಿಸಿದ ಹೆಸ್ಕಾಂ ಲೈನ್‌ಮನ್‌ಗಳು, ಕಾಳಜಿ ಕೇಂದ್ರವಾಗಿದ್ದ ಶಾಲೆಯಲ್ಲಿ ನೂರಾರು ಜನರಿಗೆ ಅಡುಗೆ ಮಾಡಿದ ಬಿಸಿಯೂಟದ ತಾಯಂದಿರು, ದನಗಳನ್ನು ದಡ ಮುಟ್ಟಿಸಿದ ಪಶುವೈದ್ಯ ಇಲಾಖೆಯ ಸಿಬ್ಬಂದಿ, ನೀರಿಳಿದ ಮೇಲೆ ರಾಡಿ ತೆಗೆದವರು, ಎಲ್ಲರನ್ನೂ ಕರೆಯಿರಿ. ವರ್ಗವಾಗಿ ಹೋದವರ ಹೊಸ ಊರನ್ನು ಕಚೇರಿಯಲ್ಲಿ ವಿಚಾರಿಸಿದರೆ ಹೇಳುತ್ತಾರೆ. ಪಟ್ಟಿ ಮಾಡುವಾಗ ಮಾತ್ರ ಆಗಿನ ಫೋಟೊಗಳನ್ನು ನಂಬಬೇಡಿ, ಬೋಟಿನಲ್ಲಿ ಕೂತವರೇ ಅವುಗಳಲ್ಲಿ ಕಾಣುತ್ತಾರೆ. ಬೋಟಿನ ಹಗ್ಗ ಹಿಡಿದು ಎದೆಮಟ್ಟದ ನೀರಿನಲ್ಲಿ ನಿಂತಿದ್ದವರು ಯಾರೆಂದು ಆ ಬೋಟಿನಲ್ಲಿ ಬಂದ ಮುದುಕಿಯರನ್ನು ಕೇಳಿರಿ, ಅವರಿಗೆ ಆ ಮುಖಗಳು ನೆನಪಿರುತ್ತವೆ.